ಬೆಳಗಿನ ಮೊದಲ ರಿಕ್ವೆಸ್ಟ್ ಸರಿಯಾಗಿ 30 ಸೆಕೆಂಡಿಗೆ ಫೇಲ್, ಎರಡನೆಯದು 20 ಸೆಕೆಂಡಿಗೆ ಪಾಸ್: ಸ್ಪ್ರಿಂಗ್ ಬೂಟ್ + ಹಿಕಾರಿ + ಮೈಎಸ್‌ಕ್ಯೂಎಲ್

ತುಂಗಾತೀರ

ನಮಸ್ಕಾರ. ಸೆಟಪ್ ಹೀಗಿದೆ: ಜಾವಾ 17, ಸ್ಪ್ರಿಂಗ್ ಬೂಟ್ 2.7, ಅದರ ಜೊತೆಗೇ ಬರುವ ಹಿಕಾರಿ 4.0.3 (ಡೇಟಾಬೇಸ್ ಕನೆಕ್ಷನ್‌ಗಳನ್ನು ಮೊದಲೇ ತೆರೆದಿಟ್ಟು ಹಂಚುವ ಪೂಲ್), ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0. ಆಪ್ ಮೂರು ಲಿನಕ್ಸ್ ಮಷಿನ್‌ಗಳಲ್ಲಿ ಡಾಕರ್ ಒಳಗೆ ಓಡುತ್ತಿದೆ. ಡೇಟಾಬೇಸ್ ಇರುವುದು ಬೇರೆ ನೆಟ್‌ವರ್ಕಿನಲ್ಲಿ, ನಡುವೆ ಒಂದು ಫೈರ್‌ವಾಲ್. ಪೂಲ್ ಸೆಟ್ಟಿಂಗ್ ಯಾವುದನ್ನೂ ಮುಟ್ಟಿಲ್ಲ, ಎಲ್ಲ ಡಿಫಾಲ್ಟ್.

ತೊಂದರೆ ಮೂರು. ಒಂದಕ್ಕೊಂದು ಸಂಬಂಧ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.

ಮೊದಲನೆಯದು: ರಾತ್ರಿಯೆಲ್ಲ ಯಾರೂ ಬಳಸದೆ ಬೆಳಿಗ್ಗೆ ಮೊದಲ ರಿಕ್ವೆಸ್ಟ್ ಬಂದಾಗ ಅದು 30 ಸೆಕೆಂಡ್ ಸುತ್ತಿ 500 ಎರರ್ ಕೊಡುತ್ತದೆ. ಲಾಗ್‌ನಲ್ಲಿ "ಫೇಲ್ಡ್ ಟು ವ್ಯಾಲಿಡೇಟ್ ಕನೆಕ್ಷನ್... ನೋ ಆಪರೇಷನ್ಸ್ ಅಲೌಡ್ ಆಫ್ಟರ್ ಕನೆಕ್ಷನ್ ಕ್ಲೋಸ್ಡ್... ಪಾಸಿಬ್ಲಿ ಕನ್ಸಿಡರ್ ಯೂಸಿಂಗ್ ಎ ಶಾರ್ಟರ್ ಮ್ಯಾಕ್ಸ್‌ಲೈಫ್‌ಟೈಮ್ ವ್ಯಾಲ್ಯೂ" ಎಂಬ ವಾರ್ನಿಂಗ್ ಆರು ಸಲ, ಕೊನೆಗೆ "ಕನೆಕ್ಷನ್ ಈಸ್ ನಾಟ್ ಅವೈಲಬಲ್, ರಿಕ್ವೆಸ್ಟ್ ಟೈಮ್ಡ್ ಔಟ್ ಆಫ್ಟರ್ 30004 ಎಂಎಸ್". ಎರಡನೆಯ ರಿಕ್ವೆಸ್ಟ್ ಹತ್ತಿರ ಹತ್ತಿರ 20 ಸೆಕೆಂಡ್ ತೆಗೆದುಕೊಂಡರೂ ಪಾಸಾಗುತ್ತದೆ. ಆಮೇಲೆ ದಿನವಿಡೀ ಸಲೀಸು. ವಿಚಿತ್ರ ಅಂದರೆ ವಾರದಲ್ಲಿ ಒಂದೆರಡು ಬೆಳಿಗ್ಗೆ ಏನೂ ಆಗುವುದಿಲ್ಲ.

ಎರಡನೆಯದು: ರಾತ್ರಿಯ ಬ್ಯಾಚ್ ಜಾಬ್. ಡೇಟಾ ಓದುತ್ತದೆ, 25 ನಿಮಿಷ ಮೆಮರಿಯಲ್ಲೇ ಲೆಕ್ಕ ಹಾಕುತ್ತದೆ, ಆಮೇಲೆ ಅಪ್‌ಡೇಟ್. ಆ ಅಪ್‌ಡೇಟ್ ಕಾಲು ಗಂಟೆ ಅಲ್ಲಾಡದೆ ನಿಂತು ಬಿದ್ದುಹೋಗುತ್ತದೆ. ಎಕ್ಸೆಪ್ಷನ್: ಕಮ್ಯುನಿಕೇಷನ್ಸ್ ಲಿಂಕ್ ಫೇಲ್ಯೂರ್. ಸರ್ವರ್‌ನಿಂದ ಕೊನೆಯ ಪ್ಯಾಕೆಟ್ ಬಂದದ್ದು 2,431,508 ಮಿಲಿಸೆಕೆಂಡ್ ಹಿಂದೆ, ನಾವು ಕಳಿಸಿದ್ದು 931,402 ಮಿಲಿಸೆಕೆಂಡ್ ಹಿಂದೆ ಎಂದು ಬರೆದಿರುತ್ತದೆ.

ಮೂರನೆಯದು: ಆಗಾಗ, ಅದೂ ಮಧ್ಯರಾತ್ರಿ ಕಳೆದ ಮೇಲೆ, "ಟೂ ಮೆನಿ ಕನೆಕ್ಷನ್ಸ್". ಸರ್ವರ್‌ನ ಮಿತಿ ಡಿಫಾಲ್ಟ್ 151. ಆದರೆ ನಮ್ಮ ಪೂಲ್ 10, ಮಷಿನ್ ಮೂರು, 30 ದಾಟಬಾರದಲ್ಲ?

ಈವರೆಗೆ ಮಾಡಿ ನೋಡಿದ್ದು: ವೇಟ್ ಟೈಮ್‌ಔಟ್ (ಸುಮ್ಮನಿರುವ ಕನೆಕ್ಷನ್ನನ್ನು ಮೈಎಸ್‌ಕ್ಯೂಎಲ್ ತಾನೇ ಮುಚ್ಚುವ ಮೊದಲು ಕಾಯುವ ಸೆಕೆಂಡ್) ಅನ್ನು 28800ರಿಂದ 86400ಕ್ಕೆ ಏರಿಸಿದ್ದು, ಯುಆರ್‌ಎಲ್‌ನಲ್ಲಿ ಆಟೋರೀಕನೆಕ್ಟ್ ಹಾಕಿದ್ದು. ಏನೂ ಬದಲಾಗಿಲ್ಲ. 3306ಕ್ಕೆ ಟೆಲ್ನೆಟ್ ಮಾಡಿದರೆ ಯಾವ ಹೊತ್ತಿನಲ್ಲೂ ತಕ್ಷಣ ಸಿಗುತ್ತದೆ. ಹಾಗಾಗಿ ನೆಟ್‌ವರ್ಕ್ ಟೀಮಿನವರು "ಪೋರ್ಟ್ ಓಪನ್ ಇದೆ, ನಿಮ್ಮ ಕೋಡ್ ನೋಡಿಕೊಳ್ಳಿ" ಅನ್ನುತ್ತಿದ್ದಾರೆ.

ಎರಡು_ನಿಮಿಷ

ಪೂಲ್ ಸಾಲುತ್ತಿಲ್ಲ ಅಷ್ಟೇ ಸರ್. ಮ್ಯಾಕ್ಸಿಮಮ್ ಪೂಲ್ ಸೈಜ್ 50 ಮಾಡಿ, ಕನೆಕ್ಷನ್ ಟೈಮ್‌ಔಟ್ 60000 ಮಾಡಿ. ಆ ಕಡೆ ಮ್ಯಾಕ್ಸ್ ಕನೆಕ್ಷನ್ಸ್ 500. ಮುಗೀತು.

ಹಳೇಸರ್ವರ್

ದಯವಿಟ್ಟು ಪೂಲ್ 50 ಮಾಡಬೇಡಿ. ಮೂರೂ ತೊಂದರೆಗಳ ಬೇರು ಒಂದೇ, ಪೂಲ್ ದೊಡ್ಡದಾದಷ್ಟೂ ಅದು ಉಲ್ಬಣಿಸುತ್ತದೆ. ನಿಮ್ಮ ಲೆಕ್ಕಗಳೇ ಅದನ್ನು ಹೇಳುತ್ತಿವೆ.

ನಡುವಿನ ಫೈರ್‌ವಾಲ್ ಒಂದು ಮಿತಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ದ ಕನೆಕ್ಷನ್ನನ್ನು ತನ್ನ ಪಟ್ಟಿಯಿಂದ ಅಳಿಸಿಹಾಕುತ್ತಿದೆ. ಅಳಿಸಿದ್ದನ್ನು ಎರಡೂ ಕಡೆಗೆ ಹೇಳುವುದಿಲ್ಲ. ಆಪ್ ಪಾಲಿಗೂ ಮೈಎಸ್‌ಕ್ಯೂಎಲ್ ಪಾಲಿಗೂ ಕನೆಕ್ಷನ್ ಇನ್ನೂ ಜೀವಂತ. ಆಮೇಲೆ ಕಳಿಸಿದ ಪ್ಯಾಕೆಟ್‌ಗಳು ಫೈರ್‌ವಾಲ್‌ನಲ್ಲೇ ಬಿದ್ದು ಹೋಗುತ್ತವೆ. ಉತ್ತರವೂ ಇಲ್ಲ, ಆರ್‌ಎಸ್‌ಟಿಯೂ (ಕನೆಕ್ಷನ್ ಮುರಿದಿದೆ ಎಂದು ಹೇಳುವ ಪ್ಯಾಕೆಟ್) ಇಲ್ಲ. ಟೆಲ್ನೆಟ್ ಹೊಸ ಕನೆಕ್ಷನ್ ಆಗುತ್ತದೆಯೇ ಎಂದು ಮಾತ್ರ ಹೇಳುತ್ತದೆ. ನಿಮ್ಮ ರೋಗ ಇರುವುದು ಹಳೆಯ ಕನೆಕ್ಷನ್ನಿನಲ್ಲಿ.

ಈಗ 30 ಸೆಕೆಂಡಿನ ಲೆಕ್ಕ. ಹಿಕಾರಿ ಕನೆಕ್ಷನ್ ಕೊಡುವ ಮೊದಲು, ಅದು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ದರೆ, ಒಮ್ಮೆ ಪಿಂಗ್ ಮಾಡಿ ನೋಡುತ್ತದೆ. ಆ ಪಿಂಗಿಗೆ ಕಾಯುವ ಅವಧಿ ವ್ಯಾಲಿಡೇಷನ್ ಟೈಮ್‌ಔಟ್, ಡಿಫಾಲ್ಟ್ 5000 ಮಿಲಿಸೆಕೆಂಡ್. ಸತ್ತ ಕನೆಕ್ಷನ್ ಒಂದಕ್ಕೆ 5 ಸೆಕೆಂಡ್. ಅದನ್ನು ಎಸೆದು ಮುಂದಿನದ್ದಕ್ಕೆ ಕೈ ಹಾಕುತ್ತದೆ, ಅದೂ ಸತ್ತಿದೆ, ಇನ್ನೂ 5. ಆರು ಮುಗಿಯುವ ಹೊತ್ತಿಗೆ ಕನೆಕ್ಷನ್ ಟೈಮ್‌ಔಟ್‌ನ 30 ಸೆಕೆಂಡ್ ಖಾಲಿ, ಎಕ್ಸೆಪ್ಷನ್. ನಿಮ್ಮ ಆರು ವಾರ್ನಿಂಗ್‌ಗಳ ಸಮಯ ನೋಡಿ, ಐದೈದು ಸೆಕೆಂಡ್ ಅಂತರ ಇರಲೇಬೇಕು. ಹತ್ತರಲ್ಲಿ ಉಳಿದದ್ದು ನಾಲ್ಕು. ಎರಡನೆಯ ರಿಕ್ವೆಸ್ಟ್ ಆ ನಾಲ್ಕನ್ನು ತಿಂದು, 20 ಸೆಕೆಂಡ್ ಕಳೆದು, ಹೊಸ ಕನೆಕ್ಷನ್ನಿಗೆ ತಲುಪುತ್ತದೆ. ಈ ಮಧ್ಯೆ ಹಿಕಾರಿ ಹಿನ್ನೆಲೆಯಲ್ಲಿ ಹೊಸದನ್ನು ತೆರೆದಿರುತ್ತದೆ, ಆದರೆ ಅವು ಸೇರುವುದು ಪಟ್ಟಿಯ ತುದಿಗೆ. ಕನೆಕ್ಷನ್ ಟೈಮ್‌ಔಟ್ 60 ಸೆಕೆಂಡ್ ಮಾಡಿದರೆ ಮೊದಲ ರಿಕ್ವೆಸ್ಟ್ 50 ಸೆಕೆಂಡಿಗೆ ಪಾಸಾಗುತ್ತದೆ, ನಿಜ. ಪೂಲೂ 50 ಆದರೆ ಹನ್ನೆರಡು ಸತ್ತವಕ್ಕೆ 60 ಸೆಕೆಂಡ್ ಮುಗಿದು ಮತ್ತೆ ಅದೇ ಹಾಡು.

ಕೆಲವು ಬೆಳಿಗ್ಗೆ ಏಕೆ ಸರಿ ಇರುತ್ತದೆ? ಮ್ಯಾಕ್ಸ್ ಲೈಫ್‌ಟೈಮ್ ಡಿಫಾಲ್ಟ್ 30 ನಿಮಿಷ. ಯಾರೂ ಬಳಸದಿದ್ದರೂ ಹಿಕಾರಿ ಅರ್ಧ ಗಂಟೆಗೊಮ್ಮೆ ಹತ್ತನ್ನೂ ಬದಲಿಸುತ್ತದೆ. ಫೈರ್‌ವಾಲ್ ಮಿತಿ 10 ನಿಮಿಷ ಎಂದುಕೊಳ್ಳಿ: ಪ್ರತಿ ಕನೆಕ್ಷನ್ ಮೊದಲ 10 ನಿಮಿಷ ಬದುಕಿರುತ್ತದೆ, ಉಳಿದ 20 ನಿಮಿಷ ಹೆಣ. ಮೊದಲ ರಿಕ್ವೆಸ್ಟ್ ಆ 10 ನಿಮಿಷದೊಳಗೆ ಬಿದ್ದರೆ ನಿಮ್ಮ ಅದೃಷ್ಟ.

ಬ್ಯಾಚ್ ಜಾಬಿನ ಎರಡು ಸಂಖ್ಯೆಗಳನ್ನು ಕಳೆಯಿರಿ: 2,431,508ರಿಂದ 931,402 ಹೋದರೆ 1,500,106 ಮಿಲಿಸೆಕೆಂಡ್. ಅಂದರೆ ಸರಿಯಾಗಿ 25 ನಿಮಿಷ, ನಿಮ್ಮ ಲೆಕ್ಕ ಹಾಕುವ ಅವಧಿ. ಆ ಮೌನದ ನಂತರ ಅಪ್‌ಡೇಟ್ ಕಳಿಸಿ 931 ಸೆಕೆಂಡ್ ಕಾದಿದೆ. ಲಿನಕ್ಸ್ ಕರ್ನಲ್ ಉತ್ತರ ಬಾರದ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸಿ ಕೈಬಿಡುವುದಕ್ಕೆ ಟಿಸಿಪಿ_ರಿಟ್ರೈಸ್2 ಎಂಬ ಸೆಟ್ಟಿಂಗ್ ಇದೆ, ಡಿಫಾಲ್ಟ್ 15, ಅದು ಕನಿಷ್ಠ 924 ಸೆಕೆಂಡಿನಷ್ಟಾಗುತ್ತದೆ. ಜಾವಾ ಪ್ರೋಗ್ರಾಂ ಕಾಲು ಗಂಟೆ ನಿಂತು ಕನೆಕ್ಷನ್ ಎರರ್ ಕೊಟ್ಟರೆ ಮೊದಲು ಇದನ್ನೇ ಸಂಶಯಿಸಿ. ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್ ಆದ ಕನೆಕ್ಟರ್‌ಜೆಯಲ್ಲಿ ಸಾಕೆಟ್ ಟೈಮ್‌ಔಟ್ (ಉತ್ತರಕ್ಕೆ ಕಾಯುವ ಮಿತಿ) ಡಿಫಾಲ್ಟ್ ಸೊನ್ನೆ, ಎಂದರೆ ಮಿತಿಯೇ ಇಲ್ಲ. ಅದಕ್ಕೇ ಕರ್ನಲ್ ಸೋಲೊಪ್ಪುವ ತನಕ ಡ್ರೈವರ್ ಕೂತಿರುತ್ತದೆ.

ಇನ್ನು 151. ಹಿಕಾರಿ ಹಳೆಯದನ್ನು ಮುಚ್ಚಿದರೂ ಆ ಸುದ್ದಿ ಫೈರ್‌ವಾಲ್ ದಾಟುವುದಿಲ್ಲ. ಮೈಎಸ್‌ಕ್ಯೂಎಲ್ ಬದಿಯಲ್ಲಿ ಅದು ಸ್ಲೀಪ್ ಸ್ಥಿತಿಯಲ್ಲಿ ಅನಾಥವಾಗಿ ಉಳಿಯುತ್ತದೆ. ಆ ಕಡೆಯ ಕರ್ನಲ್ ಕೀಪ್‌ಅಲೈವ್ (ಸುಮ್ಮನಿರುವ ಕನೆಕ್ಷನ್ ಬದುಕಿದೆಯೇ ಎಂದು ಪ್ಯಾಕೆಟ್ ಕಳಿಸಿ ನೋಡುವುದು) ಡಿಫಾಲ್ಟ್ 7200 ಸೆಕೆಂಡ್, ಆಮೇಲೆ 75 ಸೆಕೆಂಡಿಗೊಂದರಂತೆ 9 ಪ್ರಯತ್ನ: ಒಟ್ಟು 7875 ಸೆಕೆಂಡ್, 131 ನಿಮಿಷ. ಅರ್ಧ ಗಂಟೆಗೆ ಹತ್ತು ಹುಟ್ಟುತ್ತವೆ, ಒಂದೊಂದೂ 131 ನಿಮಿಷ ಕೂತಿರುತ್ತದೆ. ಮಷಿನ್ ಒಂದಕ್ಕೆ ಯಾವ ಹೊತ್ತಿಗೂ 40ರಿಂದ 50. ಮೂರಕ್ಕೆ 120ರಿಂದ 150. ಬ್ಯಾಚು, ಮಾನಿಟರಿಂಗು ಸೇರಿದರೆ 151 ಮುಟ್ಟಲು ಇನ್ನೇನು ಬೇಕು? ಪೂಲ್ 50 ಮಾಡಿದರೆ ಇದು ಐದು ಪಟ್ಟು. ಹಗಲು ಟ್ರಾಫಿಕ್ ಇರುವಾಗ ಕನೆಕ್ಷನ್‌ಗಳು ಸುಮ್ಮನಿರುವುದೇ ಇಲ್ಲ, ಆದ್ದರಿಂದ ಹಗಲಲ್ಲಿ ಕಾಣುವುದಿಲ್ಲ.

ವೇಟ್ ಟೈಮ್‌ಔಟ್ ಹೆಚ್ಚಿಸಿದ್ದರಿಂದ ಏನೂ ಆಗಲಿಲ್ಲ, ಏಕೆಂದರೆ ಕತ್ತರಿಸುತ್ತಿರುವುದು ಮೈಎಸ್‌ಕ್ಯೂಎಲ್ ಅಲ್ಲ. 28800ಕ್ಕೆ ವಾಪಸ್ ಇಡಿ. ಆಟೋರೀಕನೆಕ್ಟ್ ತೆಗೆಯಿರಿ, ಪೂಲ್ ಇರುವ ಕಡೆ ಅದಕ್ಕೆ ಕೆಲಸವಿಲ್ಲ, ಟ್ರಾನ್ಸಾಕ್ಷನ್ ನಡುವೆ ಸೆಷನ್ ಬದಲಾದರೆ ಹೊಸ ತಲೆನೋವು. ವೇಟ್ ಟೈಮ್‌ಔಟ್ ಮೀರಿದಾಗ ಡ್ರೈವರಿನ ಎರರ್ ಮೆಸೇಜೇ ಅದನ್ನು ಹಾಕಿ ಎಂದು ಸೂಚಿಸುತ್ತದೆ, ಅದನ್ನು ನಂಬಿ ಎಷ್ಟು ಜನ ದಾರಿ ತಪ್ಪಿದ್ದಾರೋ.

ಪ್ಯಾಕೆಟ್‌ಪುಟ್ಟ

ಹಳೇಸರ್ವರ್ ಅವರ ಊಹೆಯನ್ನು ಹತ್ತೇ ನಿಮಿಷದಲ್ಲಿ ಸಾಬೀತು ಮಾಡಬಹುದು. ನೆಟ್‌ವರ್ಕ್ ಟೀಮ್ ಮುಂದೆ ಇಡಲು ಪುರಾವೆಯೂ ಸಿಗುತ್ತದೆ.

ಆಪ್ ಇರುವ ಮಷಿನ್ನಿನಿಂದಲೇ, ಅದೇ ದಾರಿಯಲ್ಲಿ, ಮೈಎಸ್‌ಕ್ಯೂಎಲ್ ಕ್ಲೈಂಟ್ ತೆರೆದು 'ಸೆಲೆಕ್ಟ್ ಸ್ಲೀಪ್' ಕ್ವೆರಿಗೆ 540 ಕೊಟ್ಟು ಓಡಿಸಿ. ಕ್ವೆರಿ ನಿದ್ದೆ ಮಾಡುವಷ್ಟೂ ಹೊತ್ತು ವೈರಿನ ಮೇಲೆ ಒಂದು ಪ್ಯಾಕೆಟ್ಟೂ ಹರಿಯುವುದಿಲ್ಲ. 9 ನಿಮಿಷಕ್ಕೆ ಉತ್ತರ ಬಂದರೆ ಮಿತಿ ಅದಕ್ಕಿಂತ ಹೆಚ್ಚು. ಇನ್ನೊಂದು ಟರ್ಮಿನಲ್‌ನಲ್ಲಿ 660, ಮತ್ತೊಂದರಲ್ಲಿ 1000, ಒಟ್ಟಿಗೇ ಬಿಡಿ. ಯಾವುದು ವಾಪಸ್ ಬರುವುದಿಲ್ಲವೋ ಅದರ ಕೆಳಗೇ ನಿಮ್ಮ ಮಿತಿ ಇದೆ. ಡೇಟಾಬೇಸ್ ಬದಿಯಲ್ಲಿ 'ಶೋ ಪ್ರೋಸೆಸ್‌ಲಿಸ್ಟ್' ನೋಡಿ: ಕ್ವೆರಿ ಮುಗಿದು ಸ್ಲೀಪ್ ಅಂತಿರುತ್ತದೆ, ಕ್ಲೈಂಟ್ ಮಾತ್ರ ಇನ್ನೂ ಕಾಯುತ್ತಿರುತ್ತದೆ. ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಮಿತಿಗಿಂತ ಉದ್ದದ ಕ್ವೆರಿ ಯಾವುದೇ ಇದ್ದರೂ ಅದರ ಉತ್ತರ ನಿಮಗೆ ಸಿಗುವುದಿಲ್ಲ.

ಎರಡನೆಯದು, ತೆರೆದಿರುವ ನೆಟ್‌ವರ್ಕ್ ಕನೆಕ್ಷನ್‌ಗಳ ಪಟ್ಟಿ ಕೊಡುವ ಎಸ್‌ಎಸ್ ಕಮಾಂಡ್. ಅದಕ್ಕೆ ಟಿ, ಎನ್, ಓ ಮೂರು ಆಪ್ಷನ್ ಕೊಟ್ಟು 3306 ಇರುವ ಸಾಲುಗಳನ್ನು ನೋಡಿ. ಸಾಲಿನ ಕೊನೆಯಲ್ಲಿ ಟೈಮರ್ ಎಂದಿರುತ್ತದೆ. 'ಕೀಪ್‌ಅಲೈವ್, 119 ನಿಮಿಷ' ಎಂದಿದ್ದರೆ ಡ್ರೈವರ್ ಕೀಪ್‌ಅಲೈವ್ ಹಚ್ಚಿದೆ, ಆದರೆ ಕರ್ನಲ್ ಮೊದಲ ಪ್ರೋಬ್ ಕಳಿಸುವುದು ಎರಡು ಗಂಟೆಗೆ ಎಂದರ್ಥ. ಫೈರ್‌ವಾಲ್ ಅಷ್ಟು ಹೊತ್ತು ಕಾಯುವುದಿಲ್ಲ. ಬ್ಯಾಚ್ ಜಾಬ್ ಸಿಕ್ಕಿಕೊಂಡಾಗ ನೋಡಿದರೆ 'ಆನ್' ಎಂದೂ ಪಕ್ಕದಲ್ಲಿ 8, 9, 10 ಎಂದು ಏರುವ ಸಂಖ್ಯೆಯೂ ಕಾಣುತ್ತದೆ. ಅದು ಎಷ್ಟನೇ ಸಲ ಅದೇ ಪ್ಯಾಕೆಟ್ ಕಳಿಸುತ್ತಿದೆ ಎಂಬ ಎಣಿಕೆ. 15 ದಾಟಿದಾಗ ಎಕ್ಸೆಪ್ಷನ್. ಅದೇ ಹೊತ್ತಿಗೆ ಜೆಸ್ಟ್ಯಾಕ್ (ಜಾವಾ ಥ್ರೆಡ್‌ಗಳು ಎಲ್ಲಿ ನಿಂತಿವೆ ಎಂಬ ಪಟ್ಟಿ) ತೆಗೆದರೆ ಥ್ರೆಡ್ ರನ್ನಬಲ್ ಎಂದೇ ತೋರಿಸುತ್ತದೆ, ಮೋಸ ಹೋಗಬೇಡಿ. ಒಳಗೆ ನಿಯೋಸಾಕೆಟ್‌ಇಂಪ್ಲ್ ಕಾಣಿಸಿದರೆ ಅದು ನೆಟ್‌ವರ್ಕ್ ಓದಿಗೆ ಕಾದಿದೆ. ಜಾವಾ 8ರಲ್ಲಾದರೆ ಸಾಕೆಟ್‌ರೀಡ್0.

ಎಲ್ಲ ಕಡೆಯೂ ಹೀಗೆ ಮೌನವಾಗಿ ಕೊಲ್ಲುವುದಿಲ್ಲ. ಎಡಬ್ಲ್ಯುಎಸ್ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಸುಮ್ಮನಿದ್ದದ್ದನ್ನು ಮರೆಯುತ್ತದೆ, ಆದರೆ ಆಮೇಲೆ ಪ್ಯಾಕೆಟ್ ಬಂದರೆ ಆರ್‌ಎಸ್‌ಟಿ ಕೊಡುತ್ತದೆ. ಆಗ 'ಕನೆಕ್ಷನ್ ರೀಸೆಟ್' ತಕ್ಷಣ ಬರುತ್ತದೆ, ಹಿಕಾರಿ ಅರೆಕ್ಷಣದಲ್ಲಿ ಬದಲಿಸುತ್ತದೆ. ಅಜೂರ್ ಲೋಡ್ ಬ್ಯಾಲೆನ್ಸರ್ ಡಿಫಾಲ್ಟ್ 4 ನಿಮಿಷ. ಎರರ್ ಬರಲು ಎಷ್ಟು ಹೊತ್ತಾಯಿತು ಎನ್ನುವುದು ಎರರಿನ ಹೆಸರಿಗಿಂತ ಹೆಚ್ಚು ಹೇಳುತ್ತದೆ. 'ಕನೆಕ್ಷನ್ ರೆಫ್ಯೂಸ್ಡ್' ತಕ್ಷಣ ಬಂತೆಂದರೆ ಮಷಿನ್ ತಲುಪಿದ್ದೀರಿ, ಆ ಪೋರ್ಟಿನಲ್ಲಿ ಯಾರೂ ಕೇಳುತ್ತಿಲ್ಲ. ಡಾಕರ್ ಒಳಗಿಂದ ಲೋಕಲ್‌ಹೋಸ್ಟ್ ಎಂದು ಬರೆದವರಿಗೆಲ್ಲ ಬರುವುದು ಇದೇ. 'ಕನೆಕ್ಟ್ ಟೈಮ್ಡ್ ಔಟ್' ಆದರೆ ಮೊದಲ ಪ್ಯಾಕೆಟ್ಟೇ ದಾರಿಯಲ್ಲಿ ಬಿದ್ದಿದೆ: ರೂಟು, ಸೆಕ್ಯೂರಿಟಿ ಗ್ರೂಪು ನೋಡಿ. 'ರೀಡ್ ಟೈಮ್ಡ್ ಔಟ್' ಅಂದರೆ ಕನೆಕ್ಷನ್ ಆಗಿತ್ತು, ಉತ್ತರ ಬರಲಿಲ್ಲ.

ತುಂಗಾತೀರ

ಇಬ್ಬರಿಗೂ ಧನ್ಯವಾದ. ವಾರ್ನಿಂಗ್‌ಗಳ ಅಂತರ ಐದೈದು ಸೆಕೆಂಡೇ ಇದೆ. ಸ್ಲೀಪ್ 540 ವಾಪಸ್ ಬಂತು. 660 ಮತ್ತು 1000 ಎರಡೂ ಬರಲಿಲ್ಲ. ಇದನ್ನು ತೋರಿಸಿದ ಮೇಲೆ ಫೈರ್‌ವಾಲ್‌ನಲ್ಲಿ ಐಡಲ್ ಮಿತಿ 600 ಸೆಕೆಂಡ್ ಇದೆ ಎಂದು ಒಪ್ಪಿಕೊಂಡರು, ಪಾಲಿಸಿ ಕಾರಣ ಏರಿಸಲಾಗದಂತೆ. ಎಸ್‌ಎಸ್‌ನಲ್ಲಿ ಕೀಪ್‌ಅಲೈವ್ 119 ನಿಮಿಷ. ಹಾಗಾದರೆ ಮ್ಯಾಕ್ಸ್ ಲೈಫ್‌ಟೈಮ್ ಅನ್ನು 600ಕ್ಕಿಂತ ಕಡಿಮೆ, 540 ಇಡಲೇ? ಐಡಲ್ ಟೈಮ್‌ಔಟ್ 300?

ಹಳೇಸರ್ವರ್

ಅಲ್ಲೇ ಎರಡು ಗುಂಡಿ ಇವೆ, ಬೀಳಬೇಡಿ.

ಹಿಕಾರಿಯದ್ದು ಎಲ್ಲ ಮಿಲಿಸೆಕೆಂಡ್, ಮೈಎಸ್‌ಕ್ಯೂಎಲ್‌ನದ್ದು ಸೆಕೆಂಡ್. ಮ್ಯಾಕ್ಸ್ ಲೈಫ್‌ಟೈಮ್ 540 ಎಂದು ಬರೆದರೆ, 30000ಕ್ಕಿಂತ ಕಡಿಮೆ ಎಂದು ಒಂದು ಸಾಲಿನ ವಾರ್ನಿಂಗ್ ಬರೆದು ಹಿಕಾರಿ ಅದನ್ನು ಮತ್ತೆ 1800000ಕ್ಕೇ ಒಯ್ಯುತ್ತದೆ. ನೀವು ಬದಲಿಸಿದೆ ಎಂದುಕೊಂಡಿರುತ್ತೀರಿ, ಏನೂ ಬದಲಾಗಿರುವುದಿಲ್ಲ.

ಐಡಲ್ ಟೈಮ್‌ಔಟ್ ಕೆಲಸ ಮಾಡುವುದು ಮಿನಿಮಮ್ ಐಡಲ್ ಎಂಬುದು ಮ್ಯಾಕ್ಸಿಮಮ್ ಪೂಲ್ ಸೈಜಿಗಿಂತ ಕಡಿಮೆ ಇದ್ದಾಗ ಮಾತ್ರ. ಡಿಫಾಲ್ಟ್‌ನಲ್ಲಿ ಎರಡೂ 10, ಹಾಗಾಗಿ ಐಡಲ್ ಟೈಮ್‌ಔಟ್ ಎಷ್ಟೇ ಇಟ್ಟರೂ ಅಲಂಕಾರಕ್ಕೆ.

ನಿಮಗೆ ಬೇಕಾದದ್ದು ಕೀಪ್‌ಅಲೈವ್ ಟೈಮ್. 4.0.3ರಲ್ಲಿ ಅದು ಇದೆ, ಆದರೆ ಡಿಫಾಲ್ಟ್ ಸೊನ್ನೆ, ಅಂದರೆ ಆಫ್. 240000 ಇಡಿ: ಸುಮ್ಮನೆ ಕೂತ ಪ್ರತಿ ಕನೆಕ್ಷನ್ನನ್ನೂ ಹಿಕಾರಿ 4 ನಿಮಿಷಕ್ಕೊಮ್ಮೆ ಪಿಂಗ್ ಮಾಡುತ್ತದೆ. ಒಂದು ಪಿಂಗ್ ತಪ್ಪಿದರೂ ಇನ್ನೊಂದು 600 ಸೆಕೆಂಡಿನೊಳಗೆ ಬೀಳುತ್ತದೆ, ಅದಕ್ಕೇ 9 ನಿಮಿಷ ಇಡದೆ 4 ಹೇಳಿದ್ದು. ಕನಿಷ್ಠ ಬೆಲೆ 30000, ಮ್ಯಾಕ್ಸ್ ಲೈಫ್‌ಟೈಮ್‌ಗಿಂತ ಕಡಿಮೆ ಇರಬೇಕು. ಮ್ಯಾಕ್ಸ್ ಲೈಫ್‌ಟೈಮ್ 30 ನಿಮಿಷವೇ ಇರಲಿ. ಕನೆಕ್ಷನ್ ಟೈಮ್‌ಔಟ್ ಇಳಿಸಿ 10000 ಮಾಡಿದರೆ ಒಳ್ಳೆಯದು, ಆಗ ವ್ಯಾಲಿಡೇಷನ್ ಟೈಮ್‌ಔಟ್ 2000 ಮಾಡಿ.

ಪ್ರಾಪರ್ಟಿ ಬರೆಯುವಾಗ 'ಸ್ಪ್ರಿಂಗ್ ಡಾಟ್ ಡೇಟಾಸೋರ್ಸ್' ಆದ ಮೇಲೆ 'ಹಿಕಾರಿ' ಎಂಬ ಹಂತ ಇರಬೇಕು. ಅದನ್ನು ಬಿಟ್ಟು ನೇರ ಬರೆದರೆ ಸ್ಪ್ರಿಂಗ್ ಬೂಟ್ ಯಾವ ದೂರೂ ಇಲ್ಲದೆ ಕಡೆಗಣಿಸುತ್ತದೆ. ಖಾತ್ರಿ ಮಾಡಿಕೊಳ್ಳಲು ಹಿಕಾರಿ ಪ್ಯಾಕೇಜಿನ ಲಾಗ್ ಲೆವೆಲ್ ಡೀಬಗ್ ಮಾಡಿ ಒಮ್ಮೆ ಸ್ಟಾರ್ಟ್ ಮಾಡಿ. ಪ್ರತಿ ಸೆಟ್ಟಿಂಗ್ ಚುಕ್ಕಿ ಸಾಲಿನ ಮುಂದೆ ಅದರ ನಿಜವಾದ ಬೆಲೆಯೊಂದಿಗೆ ಬೀಳುತ್ತದೆ. ಅಲ್ಲಿ 240000 ಕಂಡರೆ ಮಾತ್ರ ನಂಬಿ.

ಬ್ಯಾಚ್‌ಗೆ ಇದು ಸಾಲದು. ಹಿಕಾರಿ ಪಿಂಗ್ ಮಾಡುವುದು ಪೂಲ್‌ನಲ್ಲಿ ಕೂತಿರುವುದನ್ನು ಮಾತ್ರ; ನಿಮ್ಮ ಕೈಯಲ್ಲಿರುವುದನ್ನು ಮುಟ್ಟುವುದಿಲ್ಲ. ಇಡೀ ಮೆಥಡ್ ಮೇಲೆ ಟ್ರಾನ್ಸಾಕ್ಷನಲ್ ಆನೊಟೇಷನ್ ಹಾಕಿರುತ್ತೀರಿ, ಅದಕ್ಕೇ 25 ನಿಮಿಷ ಕನೆಕ್ಷನ್ ಹಿಡಿದು ಕೂತಿದೆ. ಓದುವುದು ಒಂದು ಟ್ರಾನ್ಸಾಕ್ಷನ್, ಲೆಕ್ಕ ಹೊರಗೆ, ಬರೆಯುವುದು ಇನ್ನೊಂದು ಎಂದು ಒಡೆಯಿರಿ. ಅದೇ ಕ್ಲಾಸಿನೊಳಗಿನ ಮೆಥಡ್‌ಗಳಿಗೆ ಆನೊಟೇಷನ್ ಹಾಕಿ ಒಂದರಿಂದ ಇನ್ನೊಂದನ್ನು ಕರೆದರೆ ಪ್ರಾಕ್ಸಿ ಮೂಲಕ ಹೋಗುವುದಿಲ್ಲ, ಆನೊಟೇಷನ್ ವ್ಯರ್ಥ. ಟ್ರಾನ್ಸಾಕ್ಷನ್ ಟೆಂಪ್ಲೇಟ್ ಬಳಸಿ. ನಡುವಿನ 25 ನಿಮಿಷದಲ್ಲಿ ಬೇರೆಯವರು ಸಾಲು ಬದಲಿಸಬಹುದು, ಅದನ್ನು ಪತ್ತೆ ಹಚ್ಚಲು ವರ್ಷನ್ ಕಾಲಂ ಇಟ್ಟುಕೊಳ್ಳಿ.

ಸಾಕೆಟ್ ಟೈಮ್‌ಔಟ್ ಕೂಡ ಹಾಕಿ, ಆದರೆ ಯೋಚಿಸಿ. ವೆಬ್ ಪೂಲ್‌ಗೆ 60000 ಸಾಕಾಗಬಹುದು. ನಿಮ್ಮ ಅತಿ ಉದ್ದದ ಕ್ವೆರಿಗಿಂತ ಅದು ದೊಡ್ಡದಿರಲೇಬೇಕು, ಇಲ್ಲದಿದ್ದರೆ ಆಪ್ ಕೈಬಿಟ್ಟ ಮೇಲೂ ಆ ಕ್ವೆರಿ ಸರ್ವರ್‌ನಲ್ಲಿ ಓಡುತ್ತಲೇ ಇರುತ್ತದೆ. ಬ್ಯಾಚ್‌ಗೆ ಬೇರೆ ಪೂಲ್, ಬೇರೆ ಬೆಲೆ.

ಕೋಡುಬಳೆ

ಇದೇ ಥ್ರೆಡ್‌ನಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ನನಗೂ ಅದೇ '30000 ಎಂಎಸ್' ಎರರ್, ಆದರೆ ಹಗಲು ಲೋಡ್ ಇರುವಾಗ. ವ್ಯಾಲಿಡೇಟ್ ವಾರ್ನಿಂಗ್ ಒಂದೂ ಇಲ್ಲ. ಕೀಪ್‌ಅಲೈವ್ ಹಾಕಲೇ?

ಹಳೇಸರ್ವರ್

ಬೇಡ, ನಿಮ್ಮದು ಬೇರೆ ಕಾಯಿಲೆ. ಅದೇ ಡೀಬಗ್ ಲಾಗ್‌ನಲ್ಲಿ 30 ಸೆಕೆಂಡಿಗೊಮ್ಮೆ ಪೂಲ್ ಸ್ಟ್ಯಾಟ್ಸ್ ಬೀಳುತ್ತದೆ. ಟೋಟಲ್ 10, ಆಕ್ಟಿವ್ 10, ಐಡಲ್ 0, ವೇಟಿಂಗ್ ಏರುತ್ತಿದೆ ಎಂದರೆ ಹತ್ತನ್ನೂ ಯಾರೋ ಹಿಡಿದಿದ್ದಾರೆ. ಲೀಕ್ ಡಿಟೆಕ್ಷನ್ ಥ್ರೆಶ್‌ಹೋಲ್ಡ್ 20000 ಇಡಿ. ಅಷ್ಟು ಹೊತ್ತು ವಾಪಸ್ ಬಾರದ ಕನೆಕ್ಷನ್ ಎಲ್ಲಿ ಪಡೆದದ್ದು ಎಂಬ ಸ್ಟ್ಯಾಕ್ ಟ್ರೇಸ್ ಲಾಗ್‌ಗೆ ಬರುತ್ತದೆ. ಹೆಚ್ಚಾಗಿ ಸಿಗುವುದು ಎರಡು: ಟ್ರಾನ್ಸಾಕ್ಷನ್ ಒಳಗಿಂದ ಹೊರಗಿನ ಎಚ್‌ಟಿಟಿಪಿ ಸರ್ವಿಸ್ ಕರೆಯುವುದು, ಮತ್ತು ಸ್ಪ್ರಿಂಗ್ ಬೂಟ್‌ನಲ್ಲಿ ಡಿಫಾಲ್ಟ್ ಆನ್ ಇರುವ ಓಪನ್ ಇನ್ ವ್ಯೂ (ವೆಬ್ ರಿಕ್ವೆಸ್ಟ್ ಮುಗಿಯುವ ತನಕ ಡೇಟಾಬೇಸ್ ಸೆಷನ್ ತೆರೆದಿಡುವ ಸೆಟ್ಟಿಂಗ್). ಎರಡನೆಯದನ್ನು ಫಾಲ್ಸ್ ಮಾಡಿ, ಲೇಜಿ ಲೋಡ್ ಎಲ್ಲೆಲ್ಲಿ ಒಡೆಯುತ್ತದೆ ನೋಡಿಕೊಳ್ಳಿ.

ತುಂಗಾತೀರ

ಕೀಪ್‌ಅಲೈವ್ ಟೈಮ್ ಹಾಕಿದ ಮೇಲೆ ನಾಲ್ಕು ಬೆಳಿಗ್ಗೆ ನೋಡಿದೆ, ಮೊದಲ ರಿಕ್ವೆಸ್ಟ್ ಸೆಕೆಂಡಿನೊಳಗೇ ಮುಗಿಯುತ್ತಿದೆ. ರಾತ್ರಿ 2 ಗಂಟೆಗೆ ಪ್ರೋಸೆಸ್‌ಲಿಸ್ಟ್‌ನಲ್ಲಿ ನಮ್ಮ ಆಪ್‌ನದ್ದು 30 ಸಾಲು, ಅಷ್ಟೇ. ಬ್ಯಾಚ್ ಒಡೆಯಲು ಸಮಯ ಬೇಕು, ಅಲ್ಲಿಯ ತನಕ ಹೋಸ್ಟ್‌ನಲ್ಲಿ ಟಿಸಿಪಿ_ಕೀಪ್‌ಅಲೈವ್_ಟೈಮ್ 300 ಮಾಡಿದೆ. ಆದರೆ ಕಂಟೇನರ್ ಒಳಗೆ ಎಸ್‌ಎಸ್ ಈಗಲೂ 119 ನಿಮಿಷ ತೋರಿಸುತ್ತಿದೆ.

ಪ್ಯಾಕೆಟ್‌ಪುಟ್ಟ

ಕಂಟೇನರ್‌ಗೆ ಅದರದ್ದೇ ನೆಟ್‌ವರ್ಕ್ ನೇಮ್‌ಸ್ಪೇಸ್ ಇದೆ, ಹೋಸ್ಟ್‌ನ ಬೆಲೆ ಒಳಗೆ ಇಳಿಯುವುದಿಲ್ಲ. ಡಿಫಾಲ್ಟ್ 7200ರಿಂದಲೇ ಶುರುವಾಗುತ್ತದೆ. ಕಂಪೋಸ್ ಫೈಲಿನಲ್ಲಿ ಆ ಸರ್ವಿಸ್ ಕೆಳಗೆ ಸಿಸ್‌ಸಿಟಿಎಲ್ಸ್ ಎಂಬ ಭಾಗ ಸೇರಿಸಿ ಅದೇ ಹೆಸರಿಗೆ 300, ಇಂಟರ್‌ವಲ್‌ಗೆ 30, ಪ್ರೋಬ್ಸ್‌ಗೆ 5 ಕೊಡಿ. ರೀಸ್ಟಾರ್ಟ್ ಸಾಲದು, ಕಂಟೇನರ್ ತೆಗೆದು ಹೊಸದಾಗಿ ಎಬ್ಬಿಸಬೇಕು. ಕನೆಕ್ಟರ್‌ಜೆ ಟಿಸಿಪಿ ಕೀಪ್‌ಅಲೈವ್ ಡಿಫಾಲ್ಟ್ ಆನ್ ಇಟ್ಟಿರುವುದರಿಂದ ಯುಆರ್‌ಎಲ್‌ನಲ್ಲಿ ಏನೂ ಬೇಡ. ಪೋಸ್ಟ್‌ಗ್ರೆಸ್ ಡ್ರೈವರ್ ಬಳಸುವವರು ಮಾತ್ರ ಯುಆರ್‌ಎಲ್‌ನಲ್ಲೇ ಆನ್ ಮಾಡಬೇಕು, ಅಲ್ಲಿ ಡಿಫಾಲ್ಟ್ ಆಫ್.

ತುಂಗಾತೀರ

ಹೊಸದಾಗಿ ಎಬ್ಬಿಸಿದೆ. ಈಗ ಎಸ್‌ಎಸ್‌ನಲ್ಲಿ 'ಕೀಪ್‌ಅಲೈವ್, 4 ನಿಮಿಷ 51 ಸೆಕೆಂಡ್'. ನಿನ್ನೆ ರಾತ್ರಿಯ ಬ್ಯಾಚ್ 25 ನಿಮಿಷದ ನಂತರ ಅಪ್‌ಡೇಟ್ ಮಾಡಿ ಮುಗಿಸಿತು.